ಬೆಳಕಾಗುವ ಮೊದಲು, ಒಬ್ಬನೇ

ಶಾಂತಿ ಹುಡುಕಿಕೊಂಡು ನಾನು ನಡೆಯಲು ಶುರು ಮಾಡಿದ್ದಲ್ಲ. ನಿದ್ದೆ ಬರುತ್ತಿರಲಿಲ್ಲ, ಅಷ್ಟೇ. ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿ ಹೊರಳಾಡಿ ಸಾಕಾಗಿ ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಮೊದಲ ತಿಂಗಳು ಶಾಂತಿಗಿಂತ ಜಗಳವೇ ಜಾಸ್ತಿ. ಹೊರಗೆ ಒಂದು ಸದ್ದಿಲ್ಲ, ತಲೆಯೊಳಗೆ ಸಂತೆ. ಆಸ್ತಿ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೆ. ಅವನಿಗೆ ಹೇಳಬೇಕೆಂದಿದ್ದನ್ನೆಲ್ಲ ನಡೆಯುತ್ತಲೇ ಹೇಳಿ ಮುಗಿಸುತ್ತಿದ್ದೆ. ಅವನ ಉತ್ತರವನ್ನೂ ನಾನೇ ಹೇಳುತ್ತಿದ್ದೆ! ಮನೆಗೆ ಬರುವಷ್ಟರಲ್ಲಿ ಸಿಟ್ಟು ಇಮ್ಮಡಿ. ಇಯರ್‌ಫೋನ್ ಹಾಕಿಕೊಂಡು ಪ್ರವಚನ ಕೇಳಿ ನೋಡಿದೆ. ಸಂತೆಗೆ ಇನ್ನೊಬ್ಬರು ಬಂದು ಸೇರಿದಂತಾಯಿತು. ಹಿಂದಿನಿಂದ ಬಂದ ಸೈಕಲ್ ಸದ್ದು ಕೇಳದೆ ಗುದ್ದಿಸಿಕೊಳ್ಳುವುದರಲ್ಲಿದ್ದೆ. ಅವತ್ತಿಗೆ ಅದನ್ನೂ ಬಿಟ್ಟೆ.

ಬೌದ್ಧ ಭಿಕ್ಷುಗಳಲ್ಲಿ ಚಂಕಮಣ ಅಂತ ಒಂದು ಅಭ್ಯಾಸವಿದೆ. ಒಂದು ಚಿಕ್ಕ ದಾರಿಯಲ್ಲೇ ಹೋಗುವುದು, ತಿರುಗುವುದು, ಬರುವುದು. ನನಗೆ ಇದು ಹಿಡಿಸಿತು. ತಲುಪುವ ಜಾಗವೇ ಇಲ್ಲದ ಮೇಲೆ ಅವಸರ ಎಲ್ಲಿಂದ ಬರಬೇಕು? ಇನ್ನೂರು ಹೆಜ್ಜೆಯ ಒಂದು ದಾರಿ ಗೊತ್ತು ಮಾಡಿಕೊಂಡೆ. ಉಸಿರು ಎಳೆದುಕೊಳ್ಳುವಾಗ ಮೂರು ಹೆಜ್ಜೆ, ಬಿಡುವಾಗ ನಾಲ್ಕು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ನನ್ನನ್ನು ನಾನು ಬೈದುಕೊಳ್ಳುವ ಹಾಗಿಲ್ಲ. ಇದೇ ಕಷ್ಟದ ಭಾಗ.

ಫೋನ್ ಈಗ ಮನೆಯಲ್ಲೇ ಇರುತ್ತದೆ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಒಂದು ಸಲ ಪರದೆ ನೋಡಿದರೆ ಅಷ್ಟೂ ಹಾಳು. ಕಣ್ಣು ಹೊಂದಿಕೊಂಡ ಮೇಲೆ ಒಂದು ತಮಾಷೆ ನೋಡಿ. ತೀರಾ ಮಸುಕಾದ ನಕ್ಷತ್ರವನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಮಬ್ಬು ಬೆಳಕನ್ನು ಹಿಡಿಯುವ ಕೋಶಗಳು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯ ಒಳಪದರದ, ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ನನ್ನ ಶಾಂತಿಯೂ ಹೀಗೇ ಆಡುತ್ತಿತ್ತು. ಬಂತಾ ಅಂತ ಇಣುಕಿ ನೋಡಿದ ದಿನವೆಲ್ಲ ಅದು ನಾಪತ್ತೆ.

ಬೇರೆಯವರಿಗೆ ಕಾಣಲಿ ಅಂತ ತಿಳಿಬಣ್ಣದ ಅಂಗಿ ಹಾಕುತ್ತೇನೆ. ಯಾವ ದಾರಿ ಅಂತ ಮನೆಯಲ್ಲಿ ಹೇಳಿರುತ್ತೇನೆ. ಕತ್ತಲಲ್ಲಿ ಆ ಅಂಗಿ ಬರೀ ಬೂದು. ಹಕ್ಕಿಗಳು ಕೂಗಲು ಶುರು ಮಾಡಿ ಸ್ವಲ್ಪ ಹೊತ್ತಿಗೆ, ಯಾವುದೋ ಒಂದು ತಿರುವಿನಲ್ಲಿ ತೋಳು ನೋಡಿಕೊಂಡರೆ ಅದು ಹಸಿರು. ಬಣ್ಣ ಬಂದ ಗಳಿಗೆಯನ್ನು ಇವತ್ತಿನವರೆಗೂ ಹಿಡಿಯಲು ಆಗಿಲ್ಲ. ದೇವರು ಅಂದರೆ ನನಗೆ ಈಗ ನೆನಪಾಗುವುದು ಆ ಹೊತ್ತು. ಜೋರಾಗಿ ಹೇಳಿದರೆ ನಗುತ್ತಾರೆ, ಅಲ್ವಾ?

ಅಣ್ಣನ ಜೊತೆ ಇನ್ನೂ ಮಾತಾಡಿಲ್ಲ. ಮೊನ್ನೆ ನಡೆಯುವಾಗ ಅವನ ನೆನಪು ಬಂತು. ಆಸ್ತಿ ಕಾಗದ ಹಿಡಿದ ಅಣ್ಣನಲ್ಲ. ಚಿಕ್ಕವರಿದ್ದಾಗ ರಾತ್ರಿ ನನಗೆ ಹೆದರಿಕೆಯಾಗುತ್ತದೆಂದು ಕೈ ಹಿಡಿದು ಬಚ್ಚಲಿನವರೆಗೆ ಬರುತ್ತಿದ್ದನಲ್ಲ, ಅವನು. ಎಣಿಕೆ ತಪ್ಪಿತು. ಒಂದರಿಂದ ಶುರು ಮಾಡಿದೆ.