ಬಾಗಿಲಿಗೂ ಗೇಟಿಗೂ ಡಿಸ್ಕ್ ಸ್ಯಾಂಡರ್: ಒತ್ತದೆ ಉಜ್ಜುವುದು ಹೇಗೆ?

ಮಳೆ ಬಿಟ್ಟು ಅಂಗಳ ಒಣಗುವ ಹೊತ್ತಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ಎರಡು ಕೆಲಸ ಕಾದಿರುತ್ತವೆ. ಬಾಗಿಲಿನ ಹಳೆ ವಾರ್ನಿಶ್ ತೆಗೆಯಬೇಕು, ಗೇಟಿನ ತುಕ್ಕು ಉಜ್ಜಬೇಕು. ಮಲ್ಪೆ, ಸುರತ್ಕಲ್ ಕಡೆ ಕಡಲಿಗೆ ಹತ್ತಿರ ಇರುವವರಿಗಂತೂ ಇದು ತಪ್ಪಿದ್ದಲ್ಲ. ಕೈಯಲ್ಲಿ ಉಜ್ಜಿದರೆ ದಿನಗಟ್ಟಲೆ ಹಿಡಿಯುವ ಕೆಲಸವನ್ನು ಡಿಸ್ಕ್ ಸ್ಯಾಂಡರ್ ಬೇಗ ಮುಗಿಸುತ್ತದೆ. ಅಷ್ಟೇ ಬೇಗ ಬಾಗಿಲನ್ನು ಹಾಳೂ ಮಾಡುತ್ತದೆ. ನಮ್ಮ ಮನೆಯ ಹಲಸಿನ ಬಾಗಿಲಿನಲ್ಲಿ ಅರ್ಧಚಂದ್ರದ ಹಾಗೆ ನಾಲ್ಕು ಗುಳಿಗಳಿವೆ. ಮೊದಲ ಸಲ ಮೆಷಿನ್ ಹಿಡಿದಾಗ ನಾನು ಒತ್ತಿದ ಗುರುತು ಅದು. ಅಜ್ಜನ ಕಾಲದ ಬಾಗಿಲು. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ.

ಸಾಮಾನ್ಯವಾಗಿ ಸಿಗುವುದು 4 ಇಂಚಿನ ಹ್ಯಾಂಡ್ ಗ್ರೈಂಡರ್. ಅದಕ್ಕೆ ಉಜ್ಜುವ ಡಿಸ್ಕ್ ಹಾಕಿದರೆ ಅದೇ ಸ್ಯಾಂಡರ್. ಇದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಹಿಂದೆ ಅದು ತಡೆಯುವ ವೇಗ ಅಚ್ಚಾಗಿರುತ್ತದೆ. ಅದು ಮೆಷಿನ್ ವೇಗಕ್ಕಿಂತ ಕಡಿಮೆ ಇದ್ದರೆ ಆ ಡಿಸ್ಕ್ ಬೇಡ, ಒಡೆದು ಹಾರುತ್ತದೆ. ಎಸಳು ಎಸಳಾಗಿರುವ ಫ್ಲ್ಯಾಪ್ ಡಿಸ್ಕ್ ಹೊಸಬರ ಕೈಗೆ ಹೆಚ್ಚು ಹೊಂದುತ್ತದೆ. ತೆಳುವಾದ ಫೈಬರ್ ಡಿಸ್ಕ್ ಆದರೆ ಹಿಂದೆ ರಬ್ಬರ್ ಪ್ಯಾಡ್ ಇರಲೇಬೇಕು. ಮರಕ್ಕೆ ಒಂದು, ಕಬ್ಬಿಣಕ್ಕೆ ಒಂದು ಡಿಸ್ಕ್ ಬೇರೆಯೇ ಇಡಿ. ಕಬ್ಬಿಣದ ಪುಡಿ ಸಾಗುವಾನಿಯಂಥ ಮರದೊಳಗೆ ಕೂತು ನೀರು ತಾಗಿದರೆ ಕಪ್ಪು ಕಲೆ ಬೀಳುತ್ತದೆ.

ಪ್ಲಗ್ ತೆಗೆದ ಮೇಲೆಯೇ ಡಿಸ್ಕ್ ಬದಲಿಸಿ. ಡಿಸ್ಕಿಗೆ ಮರೆಯಾಗಿರುವ ಗಾರ್ಡ್, ಪಕ್ಕದ ಹಿಡಿ ಎರಡೂ ಇರಲಿ. ಕನ್ನಡಕ, ಎನ್95 ಮಾಸ್ಕ್, ಕಿವಿಗೆ ಪ್ಲಗ್ ಹಾಕಿಕೊಳ್ಳಿ. ಲುಂಗಿ ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ. ಬಟ್ಟೆ ಸಿಕ್ಕಿದರೆ ಮೆಷಿನ್ ಕ್ಷಣದಲ್ಲಿ ಮೈಗೇ ಬರುತ್ತದೆ. ಕತ್ತಿನ ಸರವನ್ನೂ ತೆಗೆದಿಡಿ. ಹೊಸ ಡಿಸ್ಕ್ ಹಾಕಿದರೆ ಮುಖದಿಂದ ದೂರ ಹಿಡಿದು ಅರ್ಧ ನಿಮಿಷ ಸುಮ್ನೆ ಓಡಿಸಿ ನೋಡಿ.

ಬಾಗಿಲು ತೀರಾ ಹಳೆಯದಾಗಿ, ಪೇಂಟ್ ಪದರ ಪದರವಾಗಿದ್ದರೆ ಮೆಷಿನ್ ಹಚ್ಚಬೇಡಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಳೆ ಪೇಂಟಿನ ಧೂಳಿನಲ್ಲಿ ಸೀಸ ಇರಬಹುದು, ಮಕ್ಕಳಿಗೆ ಅದು ಬಹಳ ಕೆಟ್ಟದ್ದು. ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯುವುದೇ ಒಳ್ಳೆಯದು.

ಮರದಿಂದ ಶುರು ಮಾಡಿ

ಬಾಗಿಲನ್ನು ಕಳಚಿ ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿ, ಅಲುಗಾಡದ ಹಾಗೆ ಕ್ಲ್ಯಾಂಪ್ ಹಾಕಿ. ಮರ ಪೂರ್ತಿ ಒಣಗಿರಲಿ. ಹಸಿ ಇದ್ದರೆ ಪುಡಿ ಮೆತ್ತಿಕೊಂಡು ಡಿಸ್ಕ್ ಉಜ್ಜುವುದೇ ಇಲ್ಲ. ಮೇಲಕ್ಕೆದ್ದ ಮೊಳೆಗಳನ್ನು ಒಳಕ್ಕೆ ಹೊಡೆಯಿರಿ.

60ರ ಡಿಸ್ಕ್ ಹಾಕಿ. ಈ ಅಂಕೆ ಡಿಸ್ಕಿನ ತರಿಯದ್ದು, ಅಂಕೆ ಹೆಚ್ಚಾದಷ್ಟೂ ತರಿ ನಯ. ಸ್ಪೀಡ್ ಕಡಿಮೆ ಮಾಡುವ ತಿರುಗಣೆ ಇದ್ದರೆ ಇಳಿಸಿ. ಮೆಷಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ಮೆಲ್ಲಗೆ ತಾಗಿಸಿ, ಎತ್ತಿದ ಮೇಲೆಯೇ ಆಫ್ ಮಾಡಿ. ಡಿಸ್ಕನ್ನು 5ರಿಂದ 10 ಡಿಗ್ರಿ ಓರೆ ಹಿಡಿಯಬೇಕು. ಅದಕ್ಕಿಂತ ಜಾಸ್ತಿ ಓರೆಯಾದರೆ ಅಂಚು ಕಚ್ಚುತ್ತದೆ, ಗುಳಿ ಬೀಳುವುದು ಆಗಲೇ. ಮೆಷಿನ್ನಿನ ತೂಕವೇ ಸಾಕು, ಕೈಯ ಭಾರ ಹಾಕಬೇಡಿ. ಒಂದೇ ಕಡೆ ನಿಲ್ಲಿಸಲೂಬೇಡಿ. ಮರದ ಗೆರೆ ಹೋದ ದಿಕ್ಕಿಗೇ ಉದ್ದಕ್ಕೆ ಸಾಗಿ, ಒಂದು ಪಟ್ಟಿಯ ಮೇಲೆ ಮುಂದಿನ ಪಟ್ಟಿ ಅರ್ಧ ಬರಲಿ. ಬಾಗಿಲಿನ ಅಂಚಿನಲ್ಲಿ ಡಿಸ್ಕ್ ಮರದಿಂದ ಹೊರಕ್ಕೆ ತಿರುಗುವ ಹಾಗೆ ಹಿಡಿಯಿರಿ. ಒಳಕ್ಕೆ ತಿರುಗಿದರೆ ಚಕ್ಕೆ ಎದ್ದು ಬರುತ್ತದೆ.

ಆಮೇಲೆ 80, ಅದರ ನಂತರ 120. ಇಲ್ಲಿಗೆ ಮೆಷಿನ್ ಕೆಲಸ ಮುಗಿಯಿತು. ಎಷ್ಟೇ ನಯ ಕಂಡರೂ ಡಿಸ್ಕ್ ಬಿಟ್ಟ ಸುತ್ತು ಗೀರುಗಳು ಇದ್ದೇ ಇರುತ್ತವೆ. ಪಾಲಿಶ್ ಬಿದ್ದ ಮೇಲೆ ಅವು ಎದ್ದು ಕಾಣುತ್ತವೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಗಿದ ಮೇಲೆ 180ರ ಪೇಪರನ್ನು ಮರದ ತುಂಡಿಗೆ ಸುತ್ತಿ, ಗೆರೆಯ ಉದ್ದಕ್ಕೆ ಕೈಯಲ್ಲೇ ಉಜ್ಜಿ. ಇದಕ್ಕೆ ಅಡ್ಡದಾರಿಯಿಲ್ಲ. ಕೆತ್ತನೆ ಇರುವ ಕಡೆಯೂ ಕೈಯೇ ಬೇಕು.

ಗೇಟು, ಗ್ರಿಲ್

ಕಬ್ಬಿಣ ಉಜ್ಜುವ ಜಾಗ ಬೇರೆಯೇ ಇರಲಿ. ಕಿಡಿ ಕೆಲವು ಮೀಟರ್ ದೂರ ಹಾರುತ್ತದೆ. ಒಣ ಮಡಲು, ಅಡಿಕೆ ಸಿಪ್ಪೆ, ಆಗಷ್ಟೇ ಉಜ್ಜಿದ ಮರದ ಪುಡಿ ಹತ್ತಿರ ಇರಬಾರದು. ಕಾರಿನ ಗಾಜಿಗೆ ಕಿಡಿ ಬಿದ್ದರೆ ಕಲೆ ಹೋಗುವುದಿಲ್ಲ, ಅದನ್ನೂ ದೂರ ನಿಲ್ಲಿಸಿ.

ಕಡಲ ಹತ್ತಿರದವರು ಮೊದಲು ಗೇಟನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಉಪ್ಪಿನಂಶ ಉಳಿದರೆ ಪೇಂಟಿನ ಅಡಿಯಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉದುರಿಸಿ, 60ರ ಫ್ಲ್ಯಾಪ್ ಡಿಸ್ಕ್ ಹಚ್ಚಿ. ಇಲ್ಲೂ ಒತ್ತುವುದು ಬೇಡ. ಕಬ್ಬಿಣ ನೀಲಿಯಾಯಿತು ಅಂದರೆ ಬಿಸಿ ಜಾಸ್ತಿಯಾಗಿದೆ ಎಂದರ್ಥ. ಸತು ಲೇಪಿಸಿದ ಕಬ್ಬಿಣದ ಜಿಐ ಶೀಟಿಗೆ ಡಿಸ್ಕ್ ತಾಗಿಸಲೇಬೇಡಿ. ಮೇಲಿನ ಸತುವಿನ ಪದರ ಹೋದರೆ ಅದಕ್ಕೆ ಕಾವಲೇ ಇಲ್ಲ.

ಹೊಳಪು ಬಂದ ಮೇಲೆ ಪುಡಿ ಒರೆಸಿ, ಕಬ್ಬಿಣ ತಣ್ಣಗಾದ ನಂತರ ಥಿನ್ನರ್ ಬಟ್ಟೆ ಆಡಿಸಿ. ರೆಡ್ ಆಕ್ಸೈಡ್ ಪ್ರೈಮರ್ ಅದೇ ದಿನ ಬೀಳಬೇಕು. ನಾಳೆ ಹಚ್ಚುವ ಅಂತ ಬಿಟ್ಟರೆ ನಮ್ಮ ಗಾಳಿಯ ತೇವಕ್ಕೆ ಬೆಳಗಾಗುವಾಗ ಕಂದು ಬಣ್ಣ ತಿರುಗಿರುತ್ತದೆ. ಅದಕ್ಕೇ ಒಂದು ದಿನದಲ್ಲಿ ಪ್ರೈಮರ್ ಹಚ್ಚಿ ಮುಗಿಯುವಷ್ಟೇ ಭಾಗ ಉಜ್ಜಿ. ನೀರು ನಿಲ್ಲುವ ಕೆಳಗಿನ ಪಟ್ಟಿಗೆ, ವೆಲ್ಡಿಂಗ್ ಸಂದುಗಳಿಗೆ ಸಣ್ಣ ಬ್ರಷ್‌ನಲ್ಲಿ ಇನ್ನೊಂದು ಕೈ ಹಚ್ಚಿ.