ಪಿಎಸ್ 5ರಲ್ಲಿ ಜಾಗ ಸಾಲದಿದ್ದಾಗ

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5ರ (ಪಿಎಸ್ 5) ಮೊದಲ ಮಾದರಿಯಲ್ಲಿ 825 ಜಿಬಿ ಎಸ್‌ಎಸ್‌ಡಿ (ಆಟಗಳನ್ನು ಶೇಖರಿಸಿಡುವ ವೇಗದ ಡ್ರೈವ್) ಇದ್ದರೂ ಆಟಗಳಿಗೆ ಸಿಗುವುದು ಸುಮಾರು 667 ಜಿಬಿ ಮಾತ್ರ. ಕೆಲವು ದೊಡ್ಡ ಆಟಗಳು 100 ಜಿಬಿ ದಾಟುವುದರಿಂದ ಅದು ಬೇಗನೆ ತುಂಬುತ್ತದೆ. ಆಗ ಅವಸರದಿಂದ ಆಟಗಳನ್ನು ಅಳಿಸಬೇಡಿ. ಯುಎಸ್‌ಬಿ ಹಾರ್ಡ್ ಡಿಸ್ಕ್ ಜೋಡಿಸಿದರೆ ಪಿಎಸ್ 4ರ ಆಟಗಳನ್ನು ನೇರವಾಗಿ ಅದರಿಂದಲೇ ಆಡಬಹುದು. ಪಿಎಸ್ 5ರ ಆಟಗಳನ್ನು ಅದರಲ್ಲಿ ಇರಿಸಬಹುದೇ ಹೊರತು ಆಡಲಾಗುವುದಿಲ್ಲ, ಆಡುವ ಮೊದಲು ಅವನ್ನು ಒಳಗಿನ ಎಸ್‌ಎಸ್‌ಡಿಗೆ ವರ್ಗಾಯಿಸಬೇಕು. ಆದರೂ, ಇಂಟರ್ನೆಟ್ ನಿಧಾನವಿರುವ ಊರುಗಳಲ್ಲಿ ಪುನಃ ಡೌನ್‌ಲೋಡ್ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಶಾಶ್ವತ ಪರಿಹಾರ ಬೇಕೆನ್ನುವವರು ಕನ್ಸೋಲ್‌ನ ಒಳಗಿರುವ ಎಂ.2 ಸ್ಲಾಟ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಕೊಳ್ಳಬಹುದು. ಅದು ಪಿಸಿಐಇ ಜೆನ್ 4 ಎಂಬ ವೇಗದ ಸಂಪರ್ಕ ಮಾದರಿಯದ್ದಾಗಿ, ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚಿನ ಓದುವ ವೇಗ ಹೊಂದಿರಲಿ. ಬಿಸಿ ತಗ್ಗಿಸುವ ಹೀಟ್‌ಸಿಂಕ್ ಇಲ್ಲದ್ದನ್ನು ಮಾತ್ರ ದಯವಿಟ್ಟು ಹಾಗೆಯೇ ಅಳವಡಿಸಬೇಡಿ.