ಅಮೆರಿಕದಲ್ಲಿ ಆದ ಮದುವೆಯ ದಾಖಲೆ: ಕೌಂಟಿ ಕಚೇರಿಯಿಂದ ಪಡೆಯುವುದು ಹೇಗೆ?

ಅಮೆರಿಕದಲ್ಲಿ ಮದುವೆಯಾದ ದಂಪತಿಗೆ ಎಷ್ಟೋ ವರ್ಷಗಳ ಮೇಲೆ ಆ ಮದುವೆಯ ದೃಢೀಕೃತ ಪ್ರತಿ ಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿಸಲು, ಮದುವೆಯ ಆಧಾರದ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಲು, ಊರಿನ ಆಸ್ತಿಯ ಕಡತದಲ್ಲಿ ಸಂಬಂಧವನ್ನು ರುಜುವಾತುಪಡಿಸಲು ಅದನ್ನು ಕೇಳುತ್ತಾರೆ. ಆಗ ಬಹಳ ಮಂದಿ ಮೊದಲು ಅರ್ಜಿ ನಮೂನೆಯನ್ನು ಇಳಿಸಿಕೊಂಡು ತುಂಬಲು ಕೂರುತ್ತಾರೆ. ವಾಸ್ತವದಲ್ಲಿ ಅದು ಕೊನೆಯ ಕೆಲಸ. ನಾನು ಕಂಡಂತೆ, ಹಿಂದಿರುಗಿ ಬಂದ ಅರ್ಜಿಗಳಲ್ಲಿ ಹೆಚ್ಚಿನವು ನಮೂನೆಯನ್ನು ತಪ್ಪಾಗಿ ತುಂಬಿದವಲ್ಲ. ದಾಖಲೆಯೇ ಇಲ್ಲದ ಕಚೇರಿಗೆ, ದಾಖಲೆಯಲ್ಲಿಲ್ಲದ ಹೆಸರಿನಲ್ಲಿ ಹೋದವು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಮದುವೆ ಕರ್ನಾಟಕದಲ್ಲಿ ನಡೆದು ದಂಪತಿ ಆಮೇಲೆ ಅಮೆರಿಕಕ್ಕೆ ಹೋಗಿದ್ದರೆ ಅಲ್ಲಿನ ಯಾವ ಕೌಂಟಿಯಲ್ಲೂ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅದರ ದಾಖಲೆ ಇರುವುದಿಲ್ಲ. ಅಂಥವರು ಇಲ್ಲಿನ ಉಪನೋಂದಣಾಧಿಕಾರಿ ಕಚೇರಿಯನ್ನೇ ಕೇಳಬೇಕು.

ಅಮೆರಿಕದಲ್ಲಿ ಮದುವೆಗೆ ಮುಂಚೆ ಸರ್ಕಾರಿ ಕಚೇರಿಯಿಂದ ಲೈಸೆನ್ಸ್ ಪಡೆಯಬೇಕು. ಮದುವೆ ಮಾಡಿಸಿದ ಪುರೋಹಿತರು ಅಥವಾ ಅಧಿಕಾರಿ ಅದೇ ಕಾಗದಕ್ಕೆ ಸಹಿ ಹಾಕಿ, ಬಹುತೇಕ ರಾಜ್ಯಗಳಲ್ಲಿ ಅದನ್ನು ಕೊಟ್ಟ ಕಚೇರಿಗೇ ಹಿಂದಿರುಗಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 10 ದಿನಗಳ ಗಡುವಿದೆ, ಟೆಕ್ಸಸ್‌ನಲ್ಲಿ 30 ದಿನಗಳದು. ಆದ್ದರಿಂದ ದಾಖಲೆ ಇರುವುದು ಧಾರೆ ನಡೆದ ಊರಿನ ಕೌಂಟಿಯಲ್ಲಲ್ಲ, ಲೈಸೆನ್ಸ್ ಕೊಟ್ಟ ಕೌಂಟಿಯಲ್ಲಿ. ಸನ್ನಿವೇಲ್‌ನಲ್ಲಿ ವಾಸವಿದ್ದ ವಧೂವರರು ಸ್ಯಾನ್ ಹೊಸೆಗೆ ಹೋಗಿ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಲೈಸೆನ್ಸ್ ಪಡೆದು, ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನದಲ್ಲಿ ಮದುವೆಯಾದರೆಂದು ಇಟ್ಟುಕೊಳ್ಳಿ. ಲಿವರ್‌ಮೋರ್ ಇರುವುದು ಅಲಮೀಡ ಕೌಂಟಿಯಲ್ಲಿ. ಲಗ್ನಪತ್ರಿಕೆಯನ್ನು ನೋಡಿಕೊಂಡು ಅಲಮೀಡಕ್ಕೆ ಅರ್ಜಿ ಹಾಕಿದರೆ ಬರುವುದು ದಾಖಲೆ ಇಲ್ಲವೆಂಬ ಪತ್ರ, ಅದೂ ಶುಲ್ಕ ಕಳೆದುಕೊಂಡ ಮೇಲೆ: ಹುಡುಕಿದ್ದಕ್ಕೆ ಪಡೆದ ಹಣವನ್ನು ಕ್ಯಾಲಿಫೋರ್ನಿಯಾದ ಕೌಂಟಿಗಳು ಮರಳಿಸುವುದಿಲ್ಲ.

ಕೌಂಟಿ ಯಾವುದೆಂದು ಊರಿನ ಹೆಸರಿನಿಂದ ಊಹಿಸುವುದೂ ಅಪಾಯ. ಟೆಕ್ಸಸ್‌ನ ಫ್ರಿಸ್ಕೊ ನಗರ ಕಾಲಿನ್ ಮತ್ತು ಡೆಂಟನ್ ಕೌಂಟಿಗಳೆರಡರಲ್ಲೂ ಹರಡಿದೆ; ಇಲಿನಾಯ್‌ನ ನೇಪರ್‌ವಿಲ್ ಡುಪೇಜ್ ಮತ್ತು ವಿಲ್ ಕೌಂಟಿಗಳ ನಡುವೆ ಹಂಚಿಹೋಗಿದೆ. ಕಚೇರಿಯ ಹೆಸರೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಟೆಕ್ಸಸ್‌ನಲ್ಲಿ ಕೇಳಬೇಕಾದದ್ದು ಕೌಂಟಿ ಕ್ಲರ್ಕ್ ಕಚೇರಿಯನ್ನು, ಜಾರ್ಜಿಯಾದಲ್ಲಿ ಕೌಂಟಿಯ ಪ್ರೊಬೇಟ್ ನ್ಯಾಯಾಲಯವನ್ನು. ಪೆನ್ಸಿಲ್ವೇನಿಯಾದಲ್ಲಿ ಈ ಕೆಲಸ ಆರ್ಫನ್ಸ್ ಕೋರ್ಟ್ ಎಂಬ ವಿಚಿತ್ರ ಹೆಸರಿನ ನ್ಯಾಯಾಲಯದ ಗುಮಾಸ್ತರ ವಿಭಾಗಕ್ಕೆ ಸೇರಿದೆ. ನ್ಯೂಜೆರ್ಸಿಯಲ್ಲಿ ಮದುವೆಯ ದಾಖಲೆ ಕೌಂಟಿಯ ಬಳಿ ಇರುವುದೇ ಇಲ್ಲ, ಅದು ಪುರಸಭೆಯ ರಿಜಿಸ್ಟ್ರಾರ್ ಬಳಿ ಇರುತ್ತದೆ. ನ್ಯೂಯಾರ್ಕ್ ನಗರದಲ್ಲಾದರೆ ಸಿಟಿ ಕ್ಲರ್ಕ್ ಕಚೇರಿಯನ್ನು ಕೇಳಬೇಕು.

ರಾಜ್ಯ ಮಟ್ಟದ ಕಚೇರಿಗೆ ಬರೆದರೆ ಸುಲಭವಾಗಬಹುದೆಂಬ ಲೆಕ್ಕಾಚಾರವನ್ನು ಬಿಟ್ಟುಬಿಡಿ. ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯಲ್ಲಿ ಲಭ್ಯವಿರುವುದು 1949ರಿಂದ 1986ರವರೆಗಿನ ಹಾಗೂ 1998 ಮತ್ತು 1999ರ ಮದುವೆಗಳ ದಾಖಲೆಗಳು ಮಾತ್ರ. ಟೆಕ್ಸಸ್ ರಾಜ್ಯ ಕಚೇರಿಯಂತೂ ಮದುವೆ ನೋಂದಣಿಯಾಗಿದೆ ಎಂಬ ಪರಿಶೀಲನಾ ಪತ್ರವನ್ನಷ್ಟೇ ಕೊಡುತ್ತದೆ, ದೃಢೀಕೃತ ಪ್ರತಿಯನ್ನಲ್ಲ.

ದಿನಾಂಕದ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ವೀಸಾ ಅಥವಾ ಆರೋಗ್ಯ ವಿಮೆಯ ತುರ್ತಿಗಾಗಿ ಕಚೇರಿಯಲ್ಲಿ ಸರಳವಾಗಿ ಮದುವೆಯಾಗಿ, ಹಿರಿಯರು ಗೊತ್ತುಮಾಡಿದ ಮುಹೂರ್ತದಲ್ಲಿ ತಿಂಗಳುಗಳ ಅನಂತರ ಧಾರೆ ಎರೆಸಿಕೊಂಡ ದಂಪತಿಗಳು ಬೇಕಾದಷ್ಟಿದ್ದಾರೆ. ಅವರ ದಾಖಲೆಯಲ್ಲಿರುವುದು ಕಚೇರಿಯಲ್ಲಾದ ಮದುವೆಯ ದಿನಾಂಕವೇ ಹೊರತು ಕುಟುಂಬದವರು ಆಚರಿಸುವ ವಾರ್ಷಿಕೋತ್ಸವದ ದಿನಾಂಕವಲ್ಲ. ಇನ್ನೊಂದು, ಅಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. 05/04 ಎಂದರೆ ಅವರಿಗೆ ಮೇ 4, ನಮಗೆ ಏಪ್ರಿಲ್ 5.

ಇನ್ನು ಹೆಸರು. ಇದರಷ್ಟು ಕನ್ನಡಿಗರನ್ನು ಕಾಡುವುದು ಬೇರೊಂದಿಲ್ಲ. ಕೌಂಟಿಯ ಸೂಚಿ ಕುಲನಾಮದ ಮೇಲೆ ನಡೆಯುತ್ತದೆ, ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ತಂದೆಯ ಹೆಸರೋ ಊರಿನ ಹೆಸರೋ ಆ ಜಾಗಕ್ಕೆ ಬಂದು ಕುಳಿತಿರುತ್ತದೆ, ಕೆಲವೊಮ್ಮೆ ಆ ಜಾಗ ಖಾಲಿಯೇ ಉಳಿದಿರುತ್ತದೆ. ಖಾಲಿ ಉಳಿದಾಗ ಅಮೆರಿಕದ ಕಾಗದಪತ್ರಗಳಲ್ಲಿ ಇದ್ದೊಂದು ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ (‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಸೇರಿಕೊಳ್ಳುವುದುಂಟು. ಆದ್ದರಿಂದ ಇಂದಿನ ಪಾಸ್‌ಪೋರ್ಟನ್ನು ಬದಿಗಿಟ್ಟು, ಲೈಸೆನ್ಸ್ ಪಡೆದ ದಿನ ಕೌಂಟರಿನಲ್ಲಿ ತೋರಿಸಿದ್ದ ಹಳೆಯ ಪಾಸ್‌ಪೋರ್ಟನ್ನು ಹುಡುಕಿ ತೆಗೆಯಿರಿ. ಅದರಲ್ಲಿದ್ದಂತೆಯೇ ಹೆಸರನ್ನು ಬರೆಯಿರಿ. ಹೆಂಡತಿಯ ಹೆಸರನ್ನು ಮದುವೆಗೆ ಮುಂಚೆ ಇದ್ದ ರೂಪದಲ್ಲೇ ಕೊಡಿ. ಹಲವು ಕೌಂಟಿಗಳು ಸೂಚಿಯನ್ನು ಆನ್‌ಲೈನಿನಲ್ಲಿ ಉಚಿತವಾಗಿ ಹುಡುಕಲು ಬಿಡುತ್ತವೆ. ಅಲ್ಲಿ ಹುಡುಕುವಾಗ ಹೆಸರು ಮತ್ತು ಕುಲನಾಮಗಳನ್ನು ಅದಲುಬದಲು ಮಾಡಿ ನೋಡಿ, ಶ್ರೀನಿವಾಸರಾವ್ ಎಂಬುದನ್ನು ಒಂದೇ ಪದವಾಗಿಯೂ ಎರಡಾಗಿಯೂ ಕೊಡಿ, ಮೂರ್ತಿ, ಲಕ್ಷ್ಮಿಯಂಥ ಹೆಸರುಗಳ ಎಲ್ಲ ಇಂಗ್ಲಿಷ್ ಕಾಗುಣಿತಗಳನ್ನೂ ಪ್ರಯತ್ನಿಸಿ. ಇಬ್ಬರಲ್ಲಿ ಯಾರ ಹೆಸರು ಚಿಕ್ಕದೋ ಅವರ ಹೆಸರಿನಿಂದ ಹುಡುಕುವುದು ಉತ್ತಮ.

ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಅಲ್ಲಿ ಸಾರ್ವಜನಿಕ ಲೈಸೆನ್ಸ್ ಮತ್ತು ಗೋಪ್ಯ ಲೈಸೆನ್ಸ್ ಎಂಬ ಎರಡು ಬಗೆಗಳಿವೆ. ಸಾರ್ವಜನಿಕ ಲೈಸೆನ್ಸಿನ ದಾಖಲೆ ಕೌಂಟಿ ರೆಕಾರ್ಡರ್ ಬಳಿಯೂ ಗೋಪ್ಯ ಲೈಸೆನ್ಸಿನದು ಕೌಂಟಿ ಕ್ಲರ್ಕ್ ಬಳಿಯೂ ಇರುತ್ತದೆ. ಗೋಪ್ಯವಾದುದು ಸಾರ್ವಜನಿಕ ಸೂಚಿಯಲ್ಲಿ ಕಾಣಿಸುವುದೇ ಇಲ್ಲ, ಅದರ ಪ್ರತಿ ದಂಪತಿಗೆ ಬಿಟ್ಟರೆ ನ್ಯಾಯಾಲಯದ ಆದೇಶ ತಂದವರಿಗೆ ಮಾತ್ರ ಸಿಗುತ್ತದೆ. ನಿಮ್ಮದು ಯಾವ ಬಗೆಯೆಂದು ಮರೆತಿದ್ದರೆ ಸಾಕ್ಷಿಗಳನ್ನು ನೆನಪಿಸಿಕೊಳ್ಳಿ. ಸಾರ್ವಜನಿಕ ಲೈಸೆನ್ಸಿಗೆ ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಬೇಕು, ಗೋಪ್ಯ ಲೈಸೆನ್ಸಿಗೆ ಸಾಕ್ಷಿಯೇ ಬೇಡ.

ಪ್ರತಿಯಲ್ಲೂ ಎರಡು ವಿಧಗಳಿವೆ: ಅಧಿಕೃತ ದೃಢೀಕೃತ ಪ್ರತಿ ಮತ್ತು ಮಾಹಿತಿಗಾಗಿ ಮಾತ್ರ ಕೊಡುವ ಪ್ರತಿ. ಎರಡನೆಯದರ ಮೇಲೆ ಗುರುತಿನ ದಾಖಲೆಯಾಗಿ ಇದು ಸಿಂಧುವಲ್ಲವೆಂದು ಅಚ್ಚಾಗಿರುತ್ತದೆ. ಅದಕ್ಕೆ ನೋಟರಿ ಬೇಕಿಲ್ಲವೆಂಬ ಕಾರಣಕ್ಕೆ ಹಲವರು ಅದನ್ನೇ ತರಿಸಿಕೊಂಡು ಆಮೇಲೆ ಪರದಾಡುತ್ತಾರೆ; ನೀವು ತರಿಸಬೇಡಿ. ದೇವಸ್ಥಾನದವರು ಕೊಡುವ ಚಿನ್ನದ ಅಂಚಿನ ಪ್ರಮಾಣಪತ್ರವೂ ಕಾನೂನಿನ ದಾಖಲೆಯಲ್ಲ, ಅದನ್ನು ಗೋಡೆಗೆ ಹಾಕಿಕೊಳ್ಳಿ. ಇರುವ ಹಳೆಯ ಪ್ರತಿಯನ್ನು ಜೆರಾಕ್ಸ್ ಮಾಡಿಸಿ ನೋಟರಿಯಿಂದ ದೃಢೀಕರಿಸಿಕೊಂಡರೆ ಸಾಕೆಂಬ ಸಲಹೆಯನ್ನೂ ಕೇಳಬೇಡಿ. ಜನನ, ಮರಣ, ವಿವಾಹ ದಾಖಲೆಗಳ ನಕಲನ್ನು ದೃಢೀಕರಿಸಲು ಕ್ಯಾಲಿಫೋರ್ನಿಯಾದ ನೋಟರಿಗಳಿಗೆ ಅಧಿಕಾರವಿಲ್ಲ.

ಇಷ್ಟಾದ ಮೇಲೆ ಅರ್ಜಿ. ಖುದ್ದಾಗಿ ಹೋದರೆ ಗುರುತಿನ ಚೀಟಿ ತೋರಿಸಿ, ಪ್ರತಿ ಪಡೆಯುವ ಹಕ್ಕು ನಿಮಗಿದೆಯೆಂಬ ಪ್ರಮಾಣ ಹೇಳಿಕೆಗೆ ಕೌಂಟರಿನಲ್ಲೇ ಸಹಿ ಹಾಕಿ, ಶುಲ್ಕ ಕಟ್ಟಿದರೆ ಮುಗಿಯಿತು. ಅಂಚೆಯಲ್ಲಿ ಕಳುಹಿಸುವುದಾದರೆ ಆ ಹೇಳಿಕೆಗೆ ನೋಟರಿಯ ಮುದ್ರೆ ಬೇಕು. ಭಾರತದಲ್ಲಿದ್ದುಕೊಂಡು ಇದನ್ನು ಅಮೆರಿಕದ ಕಾನ್ಸುಲೇಟಿನಲ್ಲಿ ಮಾಡಿಸಲು ಒಂದು ಮುದ್ರೆಗೆ 50 ಡಾಲರ್ ತೆರಬೇಕು, ಅದಕ್ಕೆ ಸಮಯವನ್ನೂ ಮೊದಲೇ ಕಾದಿರಿಸಬೇಕು. ಇದಕ್ಕಿಂತ ಸುಲಭದ ದಾರಿಯೊಂದಿದೆ: ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಅಧಿಕೃತ ಪ್ರತಿಯನ್ನು ದಂಪತಿಯಷ್ಟೇ ಅಲ್ಲ, ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಅಜ್ಜ-ಅಜ್ಜಿ, ಮೊಮ್ಮಕ್ಕಳು ಕೂಡ ಪಡೆಯಬಹುದು. ದಾಖಲೆ ಗೋಪ್ಯವಾದುದಲ್ಲದಿದ್ದರೆ, ಅಲ್ಲಿಯೇ ಇರುವ ತಮ್ಮನನ್ನೋ ಅಕ್ಕನನ್ನೋ ಕೌಂಟರಿಗೆ ಕಳುಹಿಸಿ.

ಅಂತರಜಾಲದಲ್ಲಿ ಹುಡುಕಿದಾಗ ಮೇಲ್ಭಾಗದಲ್ಲಿ ಬರುವ ಜಾಹೀರಾತು ತಾಣಗಳಿಂದ ದೂರವಿರಿ. ಸರ್ಕಾರಿ ತಾಣವೆಂಬ ಭ್ರಮೆ ಹುಟ್ಟಿಸುವ ಅವು ನಿಮ್ಮ ಅರ್ಜಿಯನ್ನು ತುಂಬಿಕೊಡುವುದಕ್ಕಷ್ಟೇ ದೊಡ್ಡ ಮೊತ್ತ ಕೇಳುತ್ತವೆ. ಕೌಂಟಿಯ ಸ್ವಂತ ಜಾಲತಾಣವನ್ನು ತೆರೆದು, ಅಲ್ಲಿ ತೋರಿಸಿರುವ ಆನ್‌ಲೈನ್ ಸೇವೆಯನ್ನು ಮಾತ್ರ ಬಳಸಿ.

ಕೌಂಟಿಯೂ ಸರಿ, ಹೆಸರೂ ಸರಿ, ಆದರೂ ದಾಖಲೆ ಸಿಗಲಿಲ್ಲವೆಂದರೆ ಸಹಿಯಾದ ಲೈಸೆನ್ಸ್ ಹಿಂದಿರುಗಿಯೇ ಇಲ್ಲದಿರಬಹುದು. ಪುರೋಹಿತರು ಕಳುಹಿಸಿರುತ್ತಾರೆಂದು ದಂಪತಿಯೂ, ದಂಪತಿ ಕೊಟ್ಟಿರುತ್ತಾರೆಂದು ಪುರೋಹಿತರೂ ಸುಮ್ಮನಿದ್ದುಬಿಡುವುದುಂಟು. ಕಾಗದ ಕಳೆದುಹೋಗಿದ್ದರೆ, ಕ್ಯಾಲಿಫೋರ್ನಿಯಾದಲ್ಲಿ ಮೂಲ ಲೈಸೆನ್ಸ್ ಕೊಟ್ಟ ಒಂದು ವರ್ಷದೊಳಗೆ ಮದುವೆ ಮಾಡಿಸಿದವರೇ ಅದರ ಎರಡನೆಯ ಪ್ರತಿಯನ್ನು ಪಡೆದು ಸಲ್ಲಿಸಬೇಕು. ಆ ಅವಧಿ ದಾಟಿದರೆ ಮದುವೆ ನಡೆದಿದೆಯೆಂಬ ಆದೇಶಕ್ಕಾಗಿ ಸುಪೀರಿಯರ್ ಕೋರ್ಟಿಗೆ ಅರ್ಜಿ ಹಾಕಬೇಕಾಗುತ್ತದೆ; ಆ ಕೆಲಸಕ್ಕೆ ವಕೀಲರನ್ನು ಹಿಡಿಯುವುದು ಒಳ್ಳೆಯದು.

ಪ್ರತಿ ಕೈಸೇರಿದ ಕೂಡಲೇ ಲ್ಯಾಮಿನೇಷನ್ ಮಾಡಿಸಬೇಡಿ. ಭಾರತದಲ್ಲಿ ಬಳಸಬೇಕಾದರೆ ಅದಕ್ಕೆ ಅಪೊಸ್ಟಿಲ್ (ದಾಖಲೆ ಅಸಲಿಯೆಂದು ಬೇರೆ ದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ) ಹಾಕಿಸಬೇಕು, ಪ್ಲಾಸ್ಟಿಕ್ ಹೊದಿಸಿದ ಕಾಗದ ಅದಕ್ಕೆ ಪ್ರಯೋಜನಕ್ಕೆ ಬಾರದು. ಅಪೊಸ್ಟಿಲನ್ನು ಪರಸ್ಪರ ಒಪ್ಪಿಕೊಳ್ಳುವ ದೇಶಗಳ ಹೇಗ್ ಒಪ್ಪಂದದಲ್ಲಿ ಭಾರತ 2005ರಿಂದ ಇರುವುದರಿಂದ ಈ ಒಂದು ಮುದ್ರೆ ಸಾಕು. ಅದನ್ನು ಕೊಡುವುದು ಕೌಂಟಿಯಲ್ಲ, ದಾಖಲೆ ಯಾವ ರಾಜ್ಯದ್ದೋ ಆ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಕಪಾಟಿನಲ್ಲಿರುವ ಹಳೆಯ ಪ್ರತಿಯನ್ನು ಕಳುಹಿಸದೆ, ಹೊಸದಾಗಿ ತರಿಸಿದ ಮೂಲ ದೃಢೀಕೃತ ಪ್ರತಿಯನ್ನೇ ಕಳುಹಿಸಿ. ಬಳಸುವ ದೇಶ ಭಾರತವೆಂದು ಕೋರಿಕೆ ಪತ್ರದಲ್ಲಿ ನಮೂದಿಸಿ. ಪ್ರತಿಗಳನ್ನು ಎರಡಾದರೂ ತರಿಸಿಕೊಂಡು ಒಂದಕ್ಕೆ ಮಾತ್ರ ಅಪೊಸ್ಟಿಲ್ ಮಾಡಿಸುವುದು ಜಾಣತನ. ಅಪೊಸ್ಟಿಲ್ ಹಾಳೆಯನ್ನು ಪ್ರಮಾಣಪತ್ರಕ್ಕೆ ಸೇರಿಸಿ ಹೊಡೆದಿರುವ ಪಿನ್ನನ್ನು ಸ್ಕ್ಯಾನ್ ಮಾಡುವ ನೆಪದಲ್ಲೂ ಕೀಳಬಾರದು. ಹಾಳೆಯನ್ನು ಹಿಂದಕ್ಕೆ ಮಡಚಿ ಸ್ಕ್ಯಾನ್ ಮಾಡಬೇಕು, ಏಕೆಂದರೆ ಬೇರ್ಪಡಿಸಿದ ಅಪೊಸ್ಟಿಲನ್ನು ಕಚೇರಿಗಳು ಒಪ್ಪುವುದಿಲ್ಲ.